ಹೊಸ ಫಾರಂ, ಎರಡೇ ಹೆಸರು

ರೀ,

ಜರ್ಮನ್‌ಟೌನ್ ಲೈಬ್ರರಿಗೆ ಹೊರಟೆ. ಎರಡು ಗಂಟೆಗೆ ಗೆಳತಿ ಕುಸುಮಾವತಿಯವರ ಕಾರಿನಲ್ಲಿ ಬರುತ್ತೇನೆ. ಊಟ ಮುಗಿಸಿ ಸಿದ್ಧವಾಗಿರಿ, ಕೌಂಟಿ ಕ್ಲಿನಿಕ್ಕಿಗೆ ಹೋಗೋಣ. ಹುಳಿ ಮೈಕ್ರೋವೇವ್ ಒಳಗೇ ಇದೆ.

ಮೈಸೂರಿನಿಂದ ತಂದ ಸಕ್ಕರೆ ಕಾಯಿಲೆಯ ಮಾತ್ರೆ ಮುಗಿಯುತ್ತ ಬಂದಿದೆ. ಉಳಿಸಲೆಂದು ನೀವು ದಿನ ಬಿಟ್ಟು ದಿನ ನುಂಗುತ್ತಿರುವುದು ನನಗೆ ಗೊತ್ತು. ಹಾಗೆ ಮಾಡಬೇಡಿ, ಕ್ಲಿನಿಕ್ಕಿನಲ್ಲಿ ಹೊಸದಾಗಿ ಬರೆಸಿಕೊಳ್ಳೋಣ.

ಕ್ಲಿನಿಕ್ಕಿಗೆ ಕೊಟ್ಟ ನಿಮ್ಮ ಅರ್ಜಿ ಏಕೆ ತಿರುಗಿ ಬಂತೆಂದು ನಿನ್ನೆ ಹೋಗಿ ಕೇಳಿದೆ. ಕುಟುಂಬ ಎನ್ನುವ ಕಡೆ ನೀವು ಧೀರಜನನ್ನೂ ಅವನ ಸಂಬಳವನ್ನೂ ಬರೆದಿದ್ದೀರಿ, ಅದಕ್ಕೇ ವರಮಾನ ಹೆಚ್ಚಾಯಿತಂತೆ. "ನಮ್ಮ ಮಗ ಅಲ್ವಾ, ಅಡುಗೆಮನೆ ಒಂದೇ" ಎಂದು ನಾನೂ ವಾದಿಸಿದೆ. ಕೌಂಟರಿನ ಹೆಂಗಸು, "ಅಡುಗೆ ಯಾರು ಮಾಡ್ತಾರೆ?" ಎಂದಳು. ನಾನೇ ಎಂದೆ. "ನಿಮ್ಮ ಮಗ ಪುಣ್ಯವಂತ. ಆದ್ರೆ ಈ ಫಾರಂನಲ್ಲಿ ಗಂಡ, ಹೆಂಡತಿ, ಚಿಕ್ಕ ಮಕ್ಕಳು ಮಾತ್ರ ಕುಟುಂಬ" ಎಂದು ನಕ್ಕಳು.

ವಿಚಿತ್ರ ನೋಡಿ. ವಯಸ್ಸಾದವರಿಗೆ ಸರ್ಕಾರಿ ಆರೋಗ್ಯ ವಿಮೆ ಕೊಡುವ ಮೆಡಿಕೇರ್‌ನವರು ನಾವು ಅಮೆರಿಕಕ್ಕೆ ಬಂದು ಐದು ವರ್ಷ ಆಗಲಿ ಎನ್ನುತ್ತಾರೆ, ಈ ಕ್ಲಿನಿಕ್ಕಿನವರಿಗೆ ನಾವು ಇದೇ ಕೌಂಟಿಯಲ್ಲಿ, ಅಂದರೆ ಇವರ ಜಿಲ್ಲೆಯಲ್ಲಿದ್ದು, ವರಮಾನ ಕಡಿಮೆಯಿದ್ದರೆ ಸಾಕು. ಇಂಥ ನಿಯಮಗಳನ್ನು ಯಾರು ಕುಳಿತು ಯೋಚಿಸುತ್ತಾರೋ, ಅವರನ್ನು ಒಮ್ಮೆ ಮಾತಾಡಿಸಬೇಕು ಎನಿಸುತ್ತದೆ.

ಮಗನ ಹೆಸರಿನ ಮೇಲೆ ಗೀಟು ಎಳೆಯಲು ನಮ್ಮ ಯಜಮಾನರಿಗೆ ಕೈ ಬಾರದು ಎಂದು ಆಕೆಗೆ ಹೇಳಿದೆ. ಆಕೆ ಹಳೆಯದನ್ನು ತಾನೇ ಇಟ್ಟುಕೊಂಡು ಹೊಸ ಫಾರಂ ಕೊಟ್ಟಳು. ಅದು ನಿಮ್ಮ ಕನ್ನಡಕದ ಕೆಳಗಿದೆ. ಯಾರನ್ನೂ ಹೊಡೆದುಹಾಕಬೇಕಾಗಿಲ್ಲ, ನಮ್ಮಿಬ್ಬರ ಹೆಸರು ಬರೆದರೆ ಸಾಕು.

ಕಾತ್ಯಾಯಿನಿ