ನೀಲಕ್ಕನ ಜೊತೆ ಹಲ್ಲಿನ ಡಾಕ್ಟರ ಹತ್ತಿರ

೮ ಜುಲೈ, ಮಂಗಳವಾರ

ಕೊನೆಗೂ ಹಲ್ಲು ಕೀಳಿಸಿಕೊಂಡೆ. ನೀಲಕ್ಕ ಕೊಟ್ಟ ಕಿಡ್ನಿಯನ್ನು ಮೈ ಒಪ್ಪಿಕೊಳ್ಳಲೆಂದು ದಿನವೂ ನುಂಗುವ ಗುಳಿಗೆಯಿಂದ ನನಗೆ ಸೋಂಕು ಬೇಗ ತಗಲುತ್ತದೆ. ಹಲ್ಲು ಕಿತ್ತ ಗಾಯ ಕೀವಾಗಿ ಆ ಕಿಡ್ನಿಗೇ ಕುತ್ತು ಬಂದೀತೆಂದು ಅಂಜಿ, ಹಲ್ಲುನೋವನ್ನು ಅಕ್ಕನಿಗೇ ಹೇಳಿರಲಿಲ್ಲ. ಇಂದು ಊದಿದ ಕೆನ್ನೆ ನೋಡಿ ಅವಳೇ ದುಂಡಸಿಯಿಂದ ಶಿಗ್ಗಾವಿಗೆ ಕರೆದೊಯ್ದಳು.

ಹಲ್ಲಿನ ಡಾಕ್ಟರು ಹುಬ್ಬಳ್ಳಿಯ ಕಿಡ್ನಿ ಡಾಕ್ಟರಿಗೆ ಫೋನು ಮಾಡಿ ಕೇಳಿದ ಮೇಲೆಯೇ ಇಕ್ಕಳ ಹಿಡಿದರು. "ಆ ಗುಳಿಗಿ ಮಾತ್ರ ಬಿಡಬ್ಯಾಡ್ರಿ" ಎಂದರು.

ಮರಳುವಾಗ ಬಸ್ಸಿನಲ್ಲಿ, ಹತ್ತಿ ಕಚ್ಚಿಕೊಂಡೇ, "ನಿನ್ನ ಕಿಡ್ನಿ ಎಲ್ಲಿ ಕೆಡಿಸ್ತೇನೋ ಅಂತ ಅಂಜಿದ್ದೆ ಅಕ್ಕಾ" ಎಂದೆ.

ಅಕ್ಕ ನನ್ನ ತಲೆಯನ್ನು ಹೆಗಲಿಗೆ ಒರಗಿಸಿಕೊಂಡಳು. "ಕೊಟ್ಟ ಮ್ಯಾಲ ಅದು ನಿಂದ, ಹುಚ್ಚಿ. ನೀ ಮಾತ್ರ ನನ್ನಾಕಿ."

ಈಗ ಪಕ್ಕದ ಹಾಸಿಗೆಯಿಂದ, "ಸಾಕ ಬರದಿದ್ದು, ಮಕ್ಕೋ" ಅನ್ನುತ್ತಿದ್ದಾಳೆ. ಮಲಗುತ್ತೇನೆ.