ನಡುವಿನ ಹಲ್ಲು

ಅಣ್ಣಾ,

ಮನೆ ಪಾಲಾಗಿ ಚಿತ್ತಾಕುಲಕ್ಕೆ ಹೋಗುವಾಗ ನೀನು ಟ್ರ್ಯಾಕ್ಟರನ್ನು ನನಗೇ ಬಿಟ್ಟೆಯಲ್ಲ, ಅಂದೇ ನನಗೆ ಅನುಮಾನ ಬಂದಿತ್ತು. ನೋಡಿದರೆ, ಅದರ ಹಿಂದೆ ಕಟ್ಟಿದ, ನೆಲ ಕೆದಕಿ ಕಳೆ ಕೀಳುವ ಕಲ್ಟಿವೇಟರಿಗೆ ನಡುವಿನ ಹಲ್ಲೇ ಇರಲಿಲ್ಲ. ಬಿಚ್ಚಿಕೊಂಡು ಹೋಗಿದ್ದೀಯ ಎಂದೇ ತಿಳಿದೆ. ಹೋಗುವ ಮೊದಲು ನೀನು ಮೆಣಸಿನಗಿಡದ ಸಾಲುಗಳನ್ನು ಅಷ್ಟು ಅಗಲ ಬಿಟ್ಟು ನೆಡಿಸಿದ್ದೂ ನನ್ನ ಫಸಲು ಕಡಿಮೆಯಾಗಲಿ ಎಂದೇ ಇರಬೇಕು ಅನ್ನಿಸಿತು.

ಅಂಕೋಲೆಯ ಗ್ಯಾರೇಜಿನಲ್ಲಿ ಹೊಸ ಹಲ್ಲು ಕೂರಿಸಿಕೊಂಡು ಬಂದು, ಇವತ್ತು ಕಳೆ ತೆಗೆಯಲು ತೋಟಕ್ಕೆ ಇಳಿದೆ. ಒಂದು ಸಾಲು ಮುಗಿಸಿ ಹಿಂದೆ ನೋಡಿದರೆ, ಚಕ್ರಗಳ ನಡುವೆ ಹಾದುಹೋದ ಗಿಡಗಳೆಲ್ಲ ಬೇರುಸಮೇತ ಕಿತ್ತು ಬಿದ್ದಿದ್ದವು.

"ಭಾವ ಸಾಲು ಅಗಲ ಬಿಟ್ಟದ್ದು ಚಕ್ರ ಹೋಗೂಕೆ, ಆ ಹಲ್ಲು ತೆಗೆದದ್ದು ನಡುವಿನ ಗಿಡ ಉಳಿಯೂಕೇ ಕಾಣ್ತದೆ. ಒಂದು ಮಾತು ಕೇಳೂಕೆ ಆಗ್ಲಿಲ್ವಾ ನಿಮ್ಗೆ?" ಎಂದು, ಯಾವಾಗಲೂ ನಿನ್ನ ಪರ ವಹಿಸುವ ನನ್ನ ಹೆಂಡತಿ ರೇಗಿದಳು.

ಹೊಸ ಹಲ್ಲು ಬಿಚ್ಚಲು ಪಾನಾ ಬೇಕೆಂದು ಕೊಟ್ಟಿಗೆಯಲ್ಲಿದ್ದ ನಿನ್ನ ಪೆಟ್ಟಿಗೆ ತೆರೆದೆ. ಹಳೆಯ ಹಲ್ಲು ಅಲ್ಲೇ ಇತ್ತು. ತುಕ್ಕು ಹಿಡಿಯದ ಹಾಗೆ ಎಣ್ಣೆಬಟ್ಟೆ ಸುತ್ತಿ, ಬೋಲ್ಟುಗಳನ್ನೂ ಜೊತೆಗೇ ಕಟ್ಟಿ ಇಟ್ಟಿದ್ದೀಯ.

ಆದರೂ ಒಂದು ಅನುಮಾನ ಹೋಗುತ್ತಿಲ್ಲ. ನಾನು ಅಂಚೆಗೆ ಹಾಕದ ಈ ಕಾಗದದಲ್ಲಾದರೂ ಕೇಳಿಬಿಡುತ್ತೇನೆ: ನೀನು ಹಲ್ಲಿನ ವಿಷಯ ಹೇಳದೆ ಹೋದದ್ದು, ನಾನೇ ಫೋನ್ ಮಾಡಿ ಕೇಳಲಿ ಎಂದಾ?