ನಾಲ್ಕು ಪೌಂಡಿನ ಟ್ರಿಗರ್

ವಿಲೋ ಫೋರ್ಕ್, ಮೊಂಟಾನಾ
ಅಕ್ಟೋಬರ್ 6, 1991, ಭಾನುವಾರ

ಪ್ರೀತಿಯ ಓರಿನ್,

ಕೈ ಹೇಗಿದೆ? ಊತ ಇಳಿಯಿತೇ? ಹೊಲಿಗೆ ಬಿಚ್ಚಿದ ಜಾಗ ತುರಿಸುತ್ತದೆ ಎಂದು ನಿನ್ನ ತಂಗಿ ಮ್ಯಾಕ್ಸೀನ್ ಹೇಳಿದಳು. ತುರಿಸಿಕೊಳ್ಳಬೇಡ. ಅವಳು ಸಾರಿಗೆ ಉಪ್ಪು ಹಾಕುವುದಿಲ್ಲ ಎಂಬ ನಿನ್ನ ದೂರು ನನಗೆ ಮುಟ್ಟಿದೆ. ಬಿಲ್ಲಿಂಗ್ಸ್‌ನ ಆಸ್ಪತ್ರೆಗೆ ಅವಳ ಮನೆಯೇ ಹತ್ತಿರ, ಸ್ವಲ್ಪ ದಿನ ಸಪ್ಪೆ ಉಂಡರೆ ಸಾಯುವುದಿಲ್ಲ. ನಿನ್ನ ಮೇಲೂ ಅವಳ ದೂರು ಒಂದಿದೆ. ಬೆರಳಿಗೆ ಬಲ ಬರಲಿ ಎಂದು ಆಸ್ಪತ್ರೆಯವರು ಹಿಸುಕಲು ಕೊಟ್ಟ ಆ ಹಸಿರು ಜೇಡಿಯ ಡಬ್ಬಿಯನ್ನು ನೀನು ಇನ್ನೂ ತೆರೆದೇ ಇಲ್ಲವಂತೆ, "ಇದೇನು ಬಾಲವಾಡಿಯಾ?" ಎಂದೆಯಂತೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಫೋನಿನಲ್ಲಿ ನೀನು ಹೂಂ, ಉಹೂಂ ಬಿಟ್ಟು ಇನ್ನೊಂದು ಮಾತಾಡುವವನಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದ ಓದುವಾಗ ನಡುವೆ ಬಾಯಿ ಹಾಕಲು ನಿನಗೆ ಅವಕಾಶವಿಲ್ಲ, ನನಗೆ ಅದೇ ಬೇಕು.

ಇಲ್ಲಿ ಎಲ್ಲ ಕ್ಷೇಮ. ಕರುಗಳನ್ನು ತಾಯಿಯಿಂದ ಬಿಡಿಸಿದ್ದಾಯಿತು, ಎರಡು ದಿನ ಕಿವಿ ತೂತಾಗುವಷ್ಟು ಅರಚಿ ಈಗ ಸುಮ್ಮನಾಗಿವೆ. ನಿನ್ನ ಕೆಂಗಂದು ಕುದುರೆಯ ಮೇಲೆ ನನಗೇನೂ ಸಿಟ್ಟಿಲ್ಲ. ತಪ್ಪು ಅದರದಲ್ಲ, ಹಗ್ಗದ ಕೊನೆಯಲ್ಲಿದ್ದ ಕಡಸಿನದೂ ಅಲ್ಲ. ಜೀನಿನ ಕೊಂಬಿಗೆ ಹಗ್ಗ ಸುತ್ತುವಾಗ ಬೆರಳು ಒಳಗೆ ಬಿಡಬೇಡಿ ಎಂದು ಈ ಕಣಿವೆಯ ಮಕ್ಕಳಿಗೆಲ್ಲ ಕಿವಿ ಹಿಂಡಿ ಹೇಳಿಕೊಟ್ಟವನು ನೀನು. ಬೇಲಿಯಾಚೆ ನಿಂತ ಯಾರಿಗೋ ಕೈಬೀಸಲು ಹೋಗಿ ಆ ಬೆರಳನ್ನೇ ಒಳಗೆ ಬಿಟ್ಟೆ. ಹೋಗಲಿ, ಬೆರಳು ಉಳಿಯಿತಲ್ಲ, ನನಗಷ್ಟು ಸಾಕು.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ವಾರ ಕ್ಲೆಲ್ ರಾಸ್ಮುಸ್ಸೆನ್ ಬಂದಿದ್ದ. ಪಕ್ಕದ ಮನೆಯವನಾದರೂ ಗುರುತಿಲ್ಲದವನ ಹಾಗೆ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ. "ನೋಡು ಆರ್ಡಿತ್, ನಾನಾಗಿ ಕೇಳಿದ್ದಲ್ಲ. ಅವ್ನೇ ಫೋನ್ ಮಾಡಿ ಅಪ್ಪನ ರೈಫಲ್ ನಿಂಗೇ ಮಾರ್ತೀನಿ, ತಗೊಂಡ್ಹೋಗು ಅಂದ. ಇನ್ನು ಆ ಬೆರಳಲ್ಲಿ ಟ್ರಿಗರ್ ಎಳೆಯೋಕಾಗಲ್ವಂತೆ" ಎಂದ. ನನಗೆ ಒಂದು ಮಾತು ಹೇಳದೆ! ನನ್ನ ಮುಖ ನೋಡಿ ಕ್ಲೆಲ್ ಎರಡು ಹೆಜ್ಜೆ ಹಿಂದೆ ಸರಿದ, ಪಾಪ. ಒಳಗೆ ಕರೆದು ಕಾಫಿ ಕೊಟ್ಟೆ, ರೈಫಲ್ ಕೊಡಲಿಲ್ಲ. ಬೇಟೆಯ ಮೊದಲ ದಿನ ಆ ಬಗ್ಗಿದ ಪೈನ್ ಮರದ ಕೆಳಗೆ ನಾವಿಬ್ಬರೂ ಕೂರುವುದು ಮದುವೆಯಾದಾಗಿನಿಂದ ತಪ್ಪಿಲ್ಲ, ಕ್ಯಾರೊಲ್ ಹೊಟ್ಟೆಯಲ್ಲಿದ್ದ ವರ್ಷವೂ ತಪ್ಪಿಲ್ಲ. ಈ ವರ್ಷ ನಾನೊಬ್ಬಳೇ ಥರ್ಮಾಸ್ ಇಟ್ಟುಕೊಂಡು ಕೂರಬೇಕೇ? ಎಡಗೈಯಲ್ಲಿ ಹೊಡಿ ಎಂದರೆ ಎಡಗಣ್ಣಿಗೆ ದೂರದ್ದು ಕಾಣದು ಎನ್ನುತ್ತೀಯ, ಅದು ನಿಜವೇ. ಹಾಗಾದರೆ ಬಗ್ಗಬೇಕಾದದ್ದು ಆ ಟ್ರಿಗರ್ ಎಂದು ಅಲ್ಲೇ ತೀರ್ಮಾನ ಮಾಡಿದೆ.

ಅದೂ ಎಂಥ ಟ್ರಿಗರ್! ಹಠ ಹಿಡಿದ ಕತ್ತೆಯನ್ನು ಎಳೆದ ಹಾಗಿದೆ ಎಂದು ವರ್ಷ ವರ್ಷವೂ ನೀನೇ ಬಯ್ಯುತ್ತಿದ್ದೆ. ಸರಿಮಾಡೋಣ ಎಂದರೆ "ಅಪ್ಪ ಹಂಗೇ ಇಟ್ಟಿದ್ದ, ಹಂಗೇ ಇರ್ಲಿ" ಎನ್ನುತ್ತಿದ್ದೆ. ನಿನ್ನ ಅಪ್ಪನ ಬಗ್ಗೆ ನನಗೂ ಗೌರವವಿದೆ, ಆದರೆ ಅವರು ಅದಕ್ಕೆ ಎಣ್ಣೆ ಹಾಕಿದ್ದು ಯಾವಾಗಲೋ ದೇವರೇ ಬಲ್ಲ. ಕೊಕ್ಕೆಗೆ ಮೀನು ಸಿಕ್ಕಿಸಿ ತೂಗುವ ನಿನ್ನ ಸ್ಪ್ರಿಂಗ್ ತಕ್ಕಡಿಯನ್ನು ಟ್ರಿಗರ್‌ಗೆ ಸಿಕ್ಕಿಸಿ ಎಳೆದು ನೋಡಿದೆ, ಎಂಟು ಪೌಂಡ್ ತೋರಿಸಿತು. ಹೊಲಿಗೆ ಯಂತ್ರವನ್ನೂ ಹಾಲಿನಿಂದ ಕೆನೆ ತೆಗೆಯುವ ಯಂತ್ರವನ್ನೂ ಜೀವಮಾನವಿಡೀ ಬಿಚ್ಚಿ ಜೋಡಿಸಿದವಳಿಗೆ ಒಂದು ರೈಫಲ್ ಯಾವ ಲೆಕ್ಕ? ಅಡುಗೆಮನೆಯ ಮೇಜಿಗೆ ಹಳೆಯ ಹೊದಿಕೆ ಹಾಸಿ ಕೂತೇಬಿಟ್ಟೆ. ಮೊದಲು ಲಿವರ್ ಇಳಿಸಿ ಒಳಗೆ ಗುಂಡಿಲ್ಲ ಎಂದು ನೋಡಿದೆ, ಬೆರಳು ಹಾಕಿ ಇನ್ನೊಮ್ಮೆ ನೋಡಿದೆ, ನೀನು ಕಲಿಸಿದ ಹಾಗೆಯೇ. ಬಿಚ್ಚುವಾಗ ಸ್ಪ್ರಿಂಗ್ ಚಿಮ್ಮಿ ಒಲೆಯ ಮೇಲೆ ಆರಲು ಇಟ್ಟಿದ್ದ ಚೋಕ್‌ಚೆರಿ ಹಣ್ಣಿನ ಜೆಲ್ಲಿಯೊಳಗೆ ಬಿತ್ತು. ಸ್ಪ್ರಿಂಗ್ ತೊಳೆದೆ. ಜೆಲ್ಲಿಯನ್ನು ಬಾಟಲಿಗೆ ತುಂಬಿದ್ದೇನೆ, ನೀನು ಯಾರಿಗೂ ಹೇಳಬೇಡ.

ಒಳಗೆ ನೋಡಿದರೆ ಸಂಗತಿ ಸುಲಭ. ಗುಂಡಿಗೆ ಬಡಿದು ಹಾರಿಸುವ ಹ್ಯಾಮರ್‌ನಲ್ಲಿ ಒಂದು ಕಚ್ಚು ಇದೆ, ಟ್ರಿಗರ್‌ನ ತುದಿ ಅದರಲ್ಲಿ ಕೂತು ಹ್ಯಾಮರನ್ನು ತಡೆದು ಹಿಡಿಯುತ್ತದೆ. ಬೆರಳು ಎಳೆದಾಗ ತುದಿ ಜಾರಿ ಹ್ಯಾಮರ್ ಬೀಳುತ್ತದೆ. ನಮ್ಮದರಲ್ಲಿ ಆ ಕಚ್ಚು ಕಿಲುಬು ಹಿಡಿದು ಗರಗಸದ ಹಾಗಾಗಿತ್ತು. ನುಣುಪು ಸಾಣೆಕಲ್ಲು ಹಿಡಿದು ಉಜ್ಜಿದೆ, ಜೋಡಿಸಿ ತೂಗಿದೆ, ಮತ್ತೆ ಬಿಚ್ಚಿ ಉಜ್ಜಿದೆ. ನನ್ನ ಮನಸ್ಸಿನಲ್ಲಿ ಒಂದು ಅಳತೆ ಇತ್ತು, ಎರಡೂವರೆ ಪೌಂಡ್. ಆ ಅಳತೆ ಎಲ್ಲಿಂದ ಬಂತು ಎಂದು ಈಗಲೇ ಕೇಳಬೇಡ. ಎರಡು ದಿನಕ್ಕೆ ಅಲ್ಲಿಗೆ ಇಳಿಸಿಯೂ ಬಿಟ್ಟೆ. ಬೆಣ್ಣೆಯೊಳಗೆ ಚಾಕು ಹೋದ ಹಾಗೆ, ಓರಿನ್! ಹೆಮ್ಮೆಯಿಂದ ಕ್ಲೆಲ್‌ಗೆ ಫೋನ್ ಮಾಡಿದೆ, ಬಂದು ನೋಡು, ನೋಡಿ ಹೊಟ್ಟೆ ಉರಿದುಕೋ ಎಂದೆ.

ಕ್ಲೆಲ್ ಬಂದ. ಖಾಲಿ ರೈಫಲನ್ನು ಅವನ ಕಣ್ಣೆದುರು ಲಿವರ್ ತೆರೆದು ಕೊಟ್ಟೆ, ಅವನೂ ತೆರೆದು ನೋಡಿ ತೆಗೆದುಕೊಂಡ. ಟ್ರಿಗರ್ ಎಳೆದು "ಅಬ್ಬಾ!" ಎಂದ. ನನ್ನ ಕಾಲು ನೆಲದ ಮೇಲಿರಲಿಲ್ಲ. ಆಮೇಲೆ ಹ್ಯಾಮರ್ ಎತ್ತಿ ನಿಲ್ಲಿಸಿ, ಟ್ರಿಗರ್ ಮುಟ್ಟದೆ, ಹಿಡಿಯ ಬುಡಕ್ಕೆ ರಬ್ಬರ್ ಸುತ್ತಿಗೆಯಿಂದ ಒಂದು ಮೊಟಕು ಮೊಟಕಿದ. ಹ್ಯಾಮರ್ ಟಪ್ಪನೆ ಬಿತ್ತು. ಸುತ್ತಿಗೆ ಕೆಳಗಿಟ್ಟು, "ಆರ್ಡಿತ್, ಓರಿನ್ ಬೇಲಿ ದಾಟುವಾಗ ಎಡವಿದ ಅಂತ ಇಟ್ಕೋ. ಮುಂದೆ ನಡೀತಿರೋದು ನೀನು" ಎಂದ. ನಿನ್ನನ್ನು ಪೈನ್ ಮರದ ಕೆಳಗೆ ಕೂರಿಸುವ ಆತುರದಲ್ಲಿ ಕಚ್ಚನ್ನೇ ಸವೆಸಿಬಿಟ್ಟಿದ್ದೆ. ಉಜ್ಜಿದ ಕಬ್ಬಿಣ ಮತ್ತೆ ಬೆಳೆಯುವುದಿಲ್ಲ.

ಅಳುತ್ತಾ ಕೂತೆ ಎಂದುಕೊಂಡೆಯಾ? ಇಲ್ಲ. ಆ ಹ್ಯಾಮರನ್ನು ಕಸದ ಡಬ್ಬಿಗೆ ಎಸೆದೆ. ಕ್ಲೆಲ್‌ನ ನೆಲಮಾಳಿಗೆಯಲ್ಲಿ ಹಳೆಯ ಬಂದೂಕುಗಳ ಬಿಡಿಭಾಗಗಳು ರಾಶಿ ಬಿದ್ದಿವೆಯಲ್ಲ, ಅಲ್ಲಿ ಹುಡುಕಿ ಇದೇ ಮಾದರಿಯ ಇನ್ನೊಂದು ಹ್ಯಾಮರ್ ತಂದೆವು. ಈ ಸಲ ಕಚ್ಚಿನ ಆಕಾರ ಮುಟ್ಟಲಿಲ್ಲ, ಸಾಣೆಕಲ್ಲಿನಿಂದ ಬರೀ ಹೊಳಪು ಕೊಟ್ಟೆ. ಭಾರವೆಲ್ಲ ಇದ್ದದ್ದು ಸ್ಪ್ರಿಂಗಿನಲ್ಲಿ, ಅದನ್ನು ಬದಲಾಯಿಸಿದೆವು. ತೂಗಿದರೆ ನಾಲ್ಕು ಪೌಂಡ್. ಬುಡಕ್ಕೆ ಹೊಡೆದೆ, ಪಕ್ಕಕ್ಕೆ ಹೊಡೆದೆ, ಸಿಟ್ಟೆಲ್ಲ ಸೇರಿಸಿ ಹೊಡೆದೆ, ಹ್ಯಾಮರ್ ಅಲ್ಲಾಡಲಿಲ್ಲ. "ಸಾಕು ಮಾರಾಯ್ತಿ, ಹಿಡಿ ಮುರೀತೀಯ" ಎಂದು ಕ್ಲೆಲ್ ಸುತ್ತಿಗೆ ಕಿತ್ತುಕೊಂಡ. ನಿನ್ನೆ ದಿಬ್ಬಕ್ಕೆ ಹೋಗಿ ಹೊಡೆದು ನೋಡಿದೆ. ಐದು ಗುಂಡೂ ಕಾಫಿ ಡಬ್ಬಿಯ ಮುಚ್ಚಳದೊಳಗೆ. ಆ ಮುಚ್ಚಳವನ್ನು ಫ್ರಿಜ್ ಮೇಲೆ ಇಟ್ಟಿದ್ದೇನೆ, ನೀನು ಬಂದಾಗ ನೋಡಿ ಮೂಗು ಮುರಿ ಎಂದೇ. ರೈಫಲ್ ಮಾರಾಟಕ್ಕಿಲ್ಲ ಎಂದು ಕ್ಲೆಲ್‌ಗೆ ಹೇಳಿಯಾಗಿದೆ. ಅವನು ಬೇಸರ ಮಾಡಿಕೊಳ್ಳಲಿಲ್ಲ, ಜೆಲ್ಲಿ ಬಾಟಲಿ ಒಂದು ತೆಗೆದುಕೊಂಡು ಹೋದ.

ಮ್ಯಾಕ್ಸೀನ್‌ಗೆ ನನ್ನ ನೆನಪು ಹೇಳು, ಉಪ್ಪಿನ ವಿಷಯ ಮಾತ್ರ ಹೇಳಬೇಡ. ರಾತ್ರಿ ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗು. ನಾಯಿ ನಿನ್ನ ಬೂಟಿನ ಮೇಲೆಯೇ ಮಲಗುತ್ತದೆ. ನಾನೂ ನಿನ್ನ ಕಡೆಯ ದಿಂಬಿಗೇ ತಲೆ ಕೊಡುತ್ತೇನೆ.

ನಿನ್ನನ್ನು ಯಾರಿಗೂ ಬಿಟ್ಟುಕೊಡದ,
ಆರ್ಡಿತ್

ಮರೆತಿದ್ದೆ: ಕ್ಲೆಲ್ ಬಿಲ್ಲಿಂಗ್ಸ್‌ಗೆ ಹೊರಟಿದ್ದಾನೆ, ಹೊರಗೆ ಹಾರನ್ ಹೊಡೆಯುತ್ತಿದ್ದಾನೆ, ಇದನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಹೋದ ತಿಂಗಳು ನಿನ್ನನ್ನು ನೋಡಲು ಬಂದಾಗ ನನ್ನ ಬೆರಳನ್ನು ನಿನ್ನ ಆ ಬೆರಳಿಗೆ ಕೊಕ್ಕೆಯ ಹಾಗೆ ಸಿಕ್ಕಿಸಿ, ಎಳಿ ನೋಡೋಣ ಎಂದಿದ್ದೆನಲ್ಲ? ಮುದ್ದು ಮಾಡುತ್ತಿದ್ದಾಳೆ ಎಂದುಕೊಂಡೆ ನೀನು. ಮುದ್ದೂ ಹೌದು. ಆದರೆ ಬೆರಳಿಗೆ ಎಷ್ಟು ಬಲ ಉಳಿದಿದೆ ಎಂದು ನಾನು ಅಳೆಯುತ್ತಿದ್ದೆ. ದಾರಿಯುದ್ದಕ್ಕೂ ಆ ಎಳೆತವನ್ನು ಬೆರಳಲ್ಲೇ ಹಿಡಿದುಕೊಂಡು ಬಂದು, ಮನೆಗೆ ಕಾಲಿಟ್ಟವಳೇ ತಕ್ಕಡಿಗೆ ಬೆರಳು ಸಿಕ್ಕಿಸಿ ಅಷ್ಟೇ ಎಳೆದು ನೋಡಿದೆ. ಎರಡೂವರೆ ಪೌಂಡ್. ತಕ್ಕಡಿಯನ್ನು ಕಾಗದದ ಜೊತೆ ಇಟ್ಟಿದ್ದೇನೆ. ಕೆಂಪು ದಾರ ಕಟ್ಟಿದ ಜಾಗ ನೀನು, ನೀಲಿ ದಾರ ಕಟ್ಟಿದ ಜಾಗ ರೈಫಲ್. ಕಬ್ಬಿಣ ಇನ್ನು ಇಳಿಯುವುದಿಲ್ಲ ಓರಿನ್, ಇಳಿಸಲು ನಾನು ಬಿಡುವುದೂ ಇಲ್ಲ. ಉಳಿದ ಒಂದೂವರೆ ಪೌಂಡನ್ನು ನೀನೇ ಹತ್ತಿ ಬರಬೇಕು. ಆ ಜೇಡಿಯ ಡಬ್ಬಿಯ ಮುಚ್ಚಳ ತೆಗೆ.